ಕರ್ನಾಟಕ ಸಂಗೀತ ಕಲಿಯುವ ಮಗಳನ್ನು ಬೇಸಿಗೆಯ ಬ್ಲೂಗ್ರಾಸ್ ಶಿಬಿರಕ್ಕೆ ಕಳಿಸಬಹುದಾ?

ತುಮಕೂರು ಟು ಫ್ರೀಮಾಂಟ್

ಎಲ್ಲರಿಗೂ ನಮಸ್ಕಾರ. ಮಗಳಿಗೆ ಹತ್ತು ವರ್ಷ. ಚಿಕ್ಕಂದಿನಿಂದ ಪಿಟೀಲು ಕಲಿಯುತ್ತಿದ್ದಾಳೆ, ನಮ್ಮ ಕರ್ನಾಟಕ ಪದ್ಧತಿಯಲ್ಲೇ. ವರ್ಣಗಳು ಆಗಿವೆ, ಈಗ ಸಣ್ಣ ಕೃತಿಗಳು ನಡೆಯುತ್ತಿವೆ. ಈಚೆಗೆ ಅವಳ ಶಾಲೆಗೆ ಒಂದು ತಂಡದವರು ಬಂದು ಬ್ಯಾಂಜೊ, ಮ್ಯಾಂಡೊಲಿನ್ ಎಂಬ ತಂತಿವಾದ್ಯ, ಫಿಡಲ್ (ಅಂದರೆ ಪಿಟೀಲೇ) ನುಡಿಸಿ ಹೋದರು. ಅದು ಬ್ಲೂಗ್ರಾಸ್, ಅಮೆರಿಕದ ಜನಪದದಿಂದ ಬೆಳೆದ ಒಂದು ಬಗೆಯ ಸಂಗೀತವಂತೆ. ಅವತ್ತಿನಿಂದ ಮನೆಯಲ್ಲಿ ಒಂದೇ ಜಪ, ‘ನನಗೂ ಅದು ಕಲಿಸಿ’.

ಹುಡುಕಿದರೆ ಗ್ರಾಸ್ ವ್ಯಾಲಿಯಲ್ಲಿ ಜೂನ್‌ನಲ್ಲಿ ನಡೆಯುವ ಫಾದರ್ಸ್ ಡೇ ಬ್ಲೂಗ್ರಾಸ್ ಉತ್ಸವದ ಜೊತೆಗೇ ಮಕ್ಕಳಿಗೆ ಯೂತ್ ಅಕಾಡೆಮಿ ಅಂತ ಒಂದು ಶಿಬಿರ ಇದೆ ಎಂದು ಗೊತ್ತಾಯಿತು. ನಡೆಸುವವರು ಕ್ಯಾಲಿಫೋರ್ನಿಯಾ ಬ್ಲೂಗ್ರಾಸ್ ಅಸೋಸಿಯೇಷನ್. ಇಲ್ಲಿ ಯಾರಾದರೂ ಮಕ್ಕಳನ್ನು ಕಳಿಸಿದ್ದೀರಾ? ಇದರಿಂದ ಅವಳ ಕೈ ಕೆಡುತ್ತದಾ? ಅದೇ ಪಿಟೀಲು ಸಾಕಾ, ಬೇರೆ ಬೇಕಾ? ಆಮೇಲೆ, ಅಲ್ಲಿ ನಮ್ಮಂಥವರು ಯಾರೂ ಇರುವುದಿಲ್ಲ, ಹುಡುಗಿಗೆ ಒಂಟಿ ಅನ್ನಿಸಬಹುದು ಎಂದು ನಮ್ಮ ಯಜಮಾನರ ಚಿಂತೆ. ಹುಡುಗಿಗೆ ಆ ಚಿಂತೆ ಇಲ್ಲ. ಊಟದ ವಿಷಯವನ್ನೂ ಹೇಳಿ, ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ.

ಸ್ಯಾನ್ ರಾಮೋನ್ ಅಪ್ಪ

ನಾವು ಕಳಿಸಿದ್ದೇವೆ. ಮಗ ಮ್ಯಾಂಡೊಲಿನ್, ಮಗಳು ಫಿಡಲ್. ಸ್ವಲ್ಪ ಉದ್ದ ಬರೆಯುತ್ತೇನೆ, ಕಾಫಿ ಹಿಡಿದು ಕೂತು ಓದಿ.

ಗ್ರಾಸ್ ವ್ಯಾಲಿ ಸಿಯೆರಾ ನೆವಾಡ ಬೆಟ್ಟಗಳ ಬುಡದ ಸಣ್ಣ ಊರು. ಸುಮಾರು 2,400 ಅಡಿ ಎತ್ತರ. ನಿಮ್ಮ ಕಡೆಯಿಂದ ಐ-80 ಹಿಡಿದು ಆಬರ್ನ್ ತನಕ ಹೋಗಿ, ಅಲ್ಲಿ ಹೈವೇ 49ಕ್ಕೆ ತಿರುಗಬೇಕು. ದಾರಿ ಖಾಲಿ ಇದ್ದರೆ ಮೂರು ಗಂಟೆ. ಉತ್ಸವ ನಡೆಯುವುದು ನೆವಾಡ ಕೌಂಟಿ ಫೇರ್‌ಗ್ರೌಂಡ್ಸ್‌ನಲ್ಲಿ, ದೊಡ್ಡ ದೊಡ್ಡ ಪೈನ್ ಮರಗಳ ಕೆಳಗೆ. 1976ರಲ್ಲಿ ಶುರುವಾದದ್ದು. ಜನ ಟೆಂಟ್, ಆರ್‌ವಿ (ಒಳಗೇ ಮಲಗುವ ದೊಡ್ಡ ಗಾಡಿ) ತಂದು ಅಲ್ಲೇ ಬಿಡಾರ ಹೂಡುತ್ತಾರೆ. ಮಕ್ಕಳ ಶಿಬಿರ ಇದರ ನಡುವೆಯೇ. ಎಂಟು ವರ್ಷ ದಾಟಿದ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ.

ಫಿಡಲ್, ಗಿಟಾರ್, ಮ್ಯಾಂಡೊಲಿನ್, ಬ್ಯಾಂಜೊ, ಬೇಸ್ (ಮಂದ್ರ ದನಿಯ ದೊಡ್ಡ ತಂತಿವಾದ್ಯ) ಎಂದು ಬೇರೆ ಬೇರೆ ಗುಂಪು ಮಾಡಿ ಕಲಿಸುತ್ತಾರೆ. ಆಮೇಲೆ ಎಲ್ಲ ವಾದ್ಯದವರನ್ನೂ ಬೆರೆಸಿ ಸಣ್ಣ ಬ್ಯಾಂಡ್ ಕಟ್ಟಿಸುತ್ತಾರೆ. ಒಟ್ಟಿಗೆ ಹಾಡುವುದೂ ಇರುತ್ತದೆ. ಕೊನೆಗೆ ವೇದಿಕೆಯ ಮೇಲೆ ಎಲ್ಲರೂ ನುಡಿಸುತ್ತಾರೆ. ನಿಜ ಹೇಳಬೇಕೆಂದರೆ ಆ ವೇದಿಕೆಯ ಕಾರ್ಯಕ್ರಮ ನನಗೆ ಅಷ್ಟು ಮುಖ್ಯ ಅನ್ನಿಸಲಿಲ್ಲ. ಮಕ್ಕಳು ಕಲಿತದ್ದು ಗುಂಪಾಗಿ ಸುತ್ತ ನಿಂತು ನುಡಿಸುವುದನ್ನು. ಅದಕ್ಕೆ ಜ್ಯಾಮ್ ಎನ್ನುತ್ತಾರೆ.

ಜ್ಯಾಮ್ ಹೇಗೆ ನಡೆಯುತ್ತದೆ ಅಂದರೆ, ಒಬ್ಬರು ಹಾಡು ಆರಿಸುತ್ತಾರೆ. ‘ಜಿ’ ಅಂತಲೋ ‘ಎ’ ಅಂತಲೋ ಶ್ರುತಿ ಕೂಗಿ ಹೇಳುತ್ತಾರೆ. ಅವರೇ ಶುರು ಮಾಡುತ್ತಾರೆ. ಬಹುಪಾಲು ಹಾಡಿಗೆ ಮೂರೇ ಕಾರ್ಡ್, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪು. ಜಿ ಶ್ರುತಿಯಾದರೆ ಜಿ, ಸಿ, ಡಿ. ಒಂದು ಚರಣ, ಒಂದು ಪಲ್ಲವಿ ಹಾಡಿದ ಮೇಲೆ ಒಂದು ವಾದ್ಯದವರು ಅದೇ ಹಾಡಿನ ಧಾಟಿಯನ್ನು ತಮ್ಮ ರೀತಿಯಲ್ಲಿ ನುಡಿಸುತ್ತಾರೆ. ಅದು ಬ್ರೇಕ್. ಮತ್ತೆ ಹಾಡು, ಮತ್ತೆ ಪಕ್ಕದವರ ಬ್ರೇಕ್. ಹೀಗೆ ಸುತ್ತು ಬರುತ್ತದೆ. ಯಾರ ಸರದಿ ಎಂದು ಬಾಯಲ್ಲಿ ಹೇಳುವುದಿಲ್ಲ. ಕಣ್ಣು, ಕತ್ತು ಅಷ್ಟೇ. ಹಾಡು ಮುಗಿಸಬೇಕಾದಾಗ ಶುರು ಮಾಡಿದವರು ಒಂದು ಕಾಲು ಎತ್ತುತ್ತಾರೆ. ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ.

ನನ್ನ ಮಗಳ ಸರದಿ ಮೊದಲ ಸಲ ಬಂದಾಗ ನಾನು ಹಿಂದೆ ಮಡಚುವ ಕುರ್ಚಿಯಲ್ಲಿ ಕೂತಿದ್ದೆ. ಟೀಚರ್ ಅವಳ ಕಡೆ ಕತ್ತು ಆಡಿಸಿದರು. ಇವಳು ಕಮಾನು ತಂತಿಯ ಮೇಲೆ ಇಟ್ಟುಕೊಂಡು ಕಲ್ಲಾದಳು. ಹಾಡು ನಿಲ್ಲಲಿಲ್ಲ. ಗಿಟಾರ್ ನಡೆಯುತ್ತಲೇ ಇತ್ತು, ಬೇಸ್ ನಡೆಯುತ್ತಲೇ ಇತ್ತು. ಟೀಚರ್ ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದರು. ಇವಳು ಒಂದೇ ಸ್ವರವನ್ನು, ಬರೀ ಷಡ್ಜ, ತಾಳಕ್ಕೆ ಸರಿಯಾಗಿ ಟಕ ಟಕ ಎಳೆದಳು. ಎಂಟು ಬಾರ್, ಅಂದರೆ ತಾಳದ ಎಂಟು ಸುತ್ತು, ಪೂರ್ತಿ ಅದೇ. ಮುಗಿದಾಗ ಸುತ್ತ ಇದ್ದ ಮಕ್ಕಳು ಕೇಕೆ ಹಾಕಿದರು. ‘ಏನಮ್ಮ ಹೇಳಿದರು?’ ಎಂದು ಆಮೇಲೆ ಕೇಳಿದೆ. ‘ಗೊತ್ತಿರುವ ಒಂದು ಸ್ವರ ನುಡಿಸು, ನಿಲ್ಲಿಸಬೇಡ ಅಂದರು’ ಎಂದಳು. ನಮ್ಮ ಮನೆಯಲ್ಲಿ ತಪ್ಪಾದ ತಕ್ಷಣ ನಿಲ್ಲಿಸಿ ಮೊದಲಿಂದ ಶುರು ಮಾಡುವ ಅಭ್ಯಾಸ. ಅದಕ್ಕೂ ಬೆಲೆ ಇದೆ, ಬೇಡ ಅನ್ನುತ್ತಿಲ್ಲ. ಆದರೆ ನಿಲ್ಲದೆ ಮುಂದೆ ಹೋಗುವುದನ್ನು ಅವಳು ಅಲ್ಲಿ ಕಲಿತಳು.

ಇನ್ನೊಂದು ವಿಷಯ. ಬರವಣಿಗೆ ತುಂಬ ಕಡಿಮೆ. ಟೀಚರ್ ನುಡಿಸುತ್ತಾರೆ, ಮಕ್ಕಳು ಕೇಳಿ ನುಡಿಸುತ್ತಾರೆ. ನಮ್ಮ ಮಕ್ಕಳಿಗೆ ಇದು ಹೊಸದೇನಲ್ಲ. ಪಾಠಾಂತರ ಅಭ್ಯಾಸ ಇರುತ್ತದಲ್ಲ. ಪುಸ್ತಕ ನೋಡಿಯೇ ಕಲಿತ ಮಕ್ಕಳು ಮೊದಲ ದಿನ ಒದ್ದಾಡಿದರು. ನಮ್ಮವಳು ಒದ್ದಾಡಲಿಲ್ಲ.

ಬನಶಂಕರಿ ಮೇಷ್ಟ್ರು

ನಾನು ಆನ್‌ಲೈನ್‌ನಲ್ಲಿ ಪಿಟೀಲು ಪಾಠ ಹೇಳುತ್ತೇನೆ. ಅಮೆರಿಕದ ಮಕ್ಕಳೂ ಇದ್ದಾರೆ. ನನ್ನ ಅಭಿಪ್ರಾಯ ಬೇರೆ, ತಪ್ಪು ತಿಳಿಯಬೇಡಿ.

ನಾವು ಕೂತು ನುಡಿಸುತ್ತೇವೆ. ಪಿಟೀಲಿನ ತಲೆ ಬಲಗಾಲಿನ ಹಿಮ್ಮಡಿಯ ಹತ್ತಿರ ಊರಿರುತ್ತದೆ. ಅದರಿಂದಲೇ ಎಡಗೈಗೆ ಭಾರ ಇಲ್ಲ, ತಂತಿಯ ಮೇಲೆ ಉದ್ದಕ್ಕೂ ಜಾರಬಹುದು. ಗಮಕ ಬರುವುದು ಆ ಬಿಡುಗಡೆಯಿಂದ. ಅಲ್ಲಿ ನಿಂತು, ಗದ್ದದ ಕೆಳಗೆ ಸಿಕ್ಕಿಸಿಕೊಂಡು ನುಡಿಸುತ್ತಾರೆ. ಎಡಗೈ ಒಂದೇ ಜಾಗದಲ್ಲಿ ನಿಂತು ಬೆರಳು ಮಾತ್ರ ಬೀಳುತ್ತವೆ. ಸ್ವರ ನೇರ. ಹತ್ತು ವರ್ಷದ ಮಗುವಿಗೆ ಗಮಕ ಕೈಗೆ ಹತ್ತುವ ಕಾಲ ಇದು. ಈಗ ಎರಡು ದೋಣಿಯ ಮೇಲೆ ಕಾಲು ಇಡಿಸಿದರೆ ಕಷ್ಟ. ಹದಿನಾಲ್ಕು ಹದಿನೈದು ಆಗಲಿ, ಆಮೇಲೆ ಏನು ಬೇಕಾದರೂ ಕಲಿಯಲಿ.

ಶ್ರುತಿಯ ವಿಷಯ. ನಮ್ಮದು ಸ-ಪ-ಸ-ಪ. ಅವರದು ಜಿ-ಡಿ-ಎ-ಇ, ಪ್ರತಿ ತಂತಿಯೂ ಹಿಂದಿನದಕ್ಕೆ ಪಂಚಮ. ಮೂರನೇ ತಂತಿಯಿಂದ ಬೆರಳ ಲೆಕ್ಕವೇ ಬದಲು. ಒಂದೇ ಪಿಟೀಲನ್ನು ಅತ್ತ ಇತ್ತ ತಿರುಗಿಸಿದರೆ ಬಿರಡೆ ಸಡಿಲ ಆಗುತ್ತದೆ, ಇ ತಂತಿ ಕಿತ್ತುಹೋಗುತ್ತದೆ.

ಬ್ಯಾಂಜೊ ಗೌಡ

ಮೇಷ್ಟ್ರೇ, ಶ್ರುತಿಯ ಬಗ್ಗೆ ಒಂದು ಸ್ವಾರಸ್ಯ ಹೇಳುತ್ತೇನೆ. ಅಪಲೇಶಿಯನ್ ಬೆಟ್ಟಗಳ ಹಳೇ ಫಿಡಲ್ ವಾದಕರು ಎಷ್ಟೋ ಹಾಡುಗಳಿಗೆ ಎ-ಇ-ಎ-ಇ ಅಂತ ತಂತಿ ಕೂಡಿಸುತ್ತಾರೆ. ಎ ಸ್ವರವನ್ನು ಷಡ್ಜ ಅಂದುಕೊಳ್ಳಿ. ಆಯಿತಲ್ಲ ಸ-ಪ-ಸ-ಪ? ಜಿ-ಡಿ-ಜಿ-ಡಿ ಕೂಡ ಇದೆ. ಬ್ಲೂಗ್ರಾಸ್‌ಗಿಂತ ಹಳೆಯದಾದ ಓಲ್ಡ್-ಟೈಮ್ ಸಂಗೀತದಲ್ಲಿ ಇದು ಇಂದಿಗೂ ಚಾಲ್ತಿಯಲ್ಲಿದೆ. ತೆರೆದ ತಂತಿಗಳು ಹಿಂದೆ ತಂಬೂರಿಯ ಹಾಗೆ ಗುಂಯ್ ಎನ್ನುತ್ತಿರುತ್ತವೆ.

ಆದರೆ ಬ್ಲೂಗ್ರಾಸ್ ಜ್ಯಾಮ್‌ನಲ್ಲಿ ಹಾಡಿನಿಂದ ಹಾಡಿಗೆ ಶ್ರುತಿ ಬದಲಾಗುತ್ತದೆ. ಗಾಯಕರ ಕಂಠಕ್ಕೆ ತಕ್ಕ ಹಾಗೆ ಒಂದು ಜಿ, ಮುಂದಿನದು ಬಿ. ಗಿಟಾರ್, ಬ್ಯಾಂಜೊದವರು ಕೇಪೊ ಎನ್ನುವ ಕ್ಲಿಪ್ಪು ಹಾಕಿಕೊಂಡು ಪಾರಾಗುತ್ತಾರೆ. ಫಿಡಲ್‌ನವರು ಪ್ರತಿ ಸಲ ಬಿರಡೆ ತಿರುಗಿಸುತ್ತಾ ಕೂರಲು ಆಗುವುದಿಲ್ಲ. ಹಾಗಾಗಿ ಜಿ-ಡಿ-ಎ-ಇ ಬೇಕೇ ಬೇಕು. ಬೇರೆ ಪಿಟೀಲು ತೆಗೆದುಕೊಳ್ಳಿ ಎನ್ನುವ ಮೇಷ್ಟ್ರ ಮಾತು ನೂರಕ್ಕೆ ನೂರು ಸರಿ. ಬಾಡಿಗೆಗೆ ಸಿಗುತ್ತದೆ. ಮಕ್ಕಳಿಗೆ ವಾದ್ಯ ಎರವಲು ಕೊಡುವ ವ್ಯವಸ್ಥೆಯನ್ನು ಆ ಅಸೋಸಿಯೇಷನ್ನಿನವರೇ ನಡೆಸುತ್ತಾರೆ, ಒಮ್ಮೆ ಕೇಳಿ ನೋಡಿ.

ಎಂಬಿಎ ಮಾವ

ಇದೆಲ್ಲ ಸರಿ. ಕಾಲೇಜು ಅರ್ಜಿಗೆ ಇದರಿಂದ ಏನಾದರೂ ಉಪಯೋಗ ಇದೆಯಾ? ಸರ್ಟಿಫಿಕೇಟ್ ಕೊಡುತ್ತಾರಾ?

ಸ್ಯಾನ್ ರಾಮೋನ್ ಅಪ್ಪ

ಮಾವ, ಹುಡುಗಿಗೆ ಹತ್ತು ವರ್ಷ.

ಧಾರವಾಡ ಫೇಡೆ

ನಾವು ನಾರ್ತ್ ಕೆರೊಲಿನಾದಾಗ ಇದ್ದೇವ್ರೀ, ಶಾರ್ಲಟ್ ಹತ್ತಿರ. ಇಲ್ಲಿ ಇದು ಮನೆ ಸಂಗೀತ. ಬ್ಯಾಂಜೊದ ದೊಡ್ಡ ಹೆಸರು ಅರ್ಲ್ ಸ್ಕ್ರಗ್ಸ್ ಹುಟ್ಟಿದ ಕ್ಲೀವ್‌ಲ್ಯಾಂಡ್ ಕೌಂಟಿ ನಮಗೆ ಒಂದು ಗಂಟೆ ದಾರಿ. ಶೆಲ್ಬಿ ಊರಿನ ಹಳೇ ಕೋರ್ಟ್ ಕಟ್ಟಡದಲ್ಲಿ ಅವರ ಹೆಸರಿನ ಮ್ಯೂಸಿಯಂ ಇದೆ, 2014ರಲ್ಲಿ ತೆರೆದದ್ದು. ಮಕ್ಕಳಿಗೆ ತೋರಿಸುವಂಥ ಜಾಗ.

ಬೆಟ್ಟದ ಕಡೆ ಜ್ಯಾಮ್ ಅಂತಲೇ ಒಂದು ಯೋಜನೆ ಇದೆ, ಜೂನಿಯರ್ ಅಪಲೇಶಿಯನ್ ಮ್ಯುಸಿಶಿಯನ್ಸ್. ಆಲಿಗೇನಿ ಕೌಂಟಿಯ ಸ್ಪಾರ್ಟಾ ಎನ್ನುವ ಊರಿನ ಶಾಲೆಯಲ್ಲಿ ಮಕ್ಕಳ ಕೌನ್ಸೆಲರ್ ಆಗಿದ್ದ ಹೆಲೆನ್ ವೈಟ್ 2000ದಲ್ಲಿ ಶುರು ಮಾಡಿದರು. ಶಾಲೆ ಬಿಟ್ಟ ಮೇಲೆ ಅಲ್ಲೇ ಕೂರಿಸಿ ಬ್ಯಾಂಜೊ, ಫಿಡಲ್, ಗಿಟಾರ್ ಕಲಿಸುವುದು. ಈಗ ಸುತ್ತಲಿನ ರಾಜ್ಯಗಳಿಗೂ ಹಬ್ಬಿದೆ. ಬರೀ ದುಡ್ಡಿದ್ದವರ ಮಕ್ಕಳ ಬೇಸಿಗೆ ಶಿಬಿರ ಅಲ್ಲ ಇದು, ಆ ಬೆಟ್ಟದೂರಿನ ಮಕ್ಕಳಿಗಾಗಿಯೇ ಮಾಡಿದ್ದು. ಅದಕ್ಕೇ ನನಗೆ ಜಾಸ್ತಿ ಇಷ್ಟ.

ಒಂದು ಎಚ್ಚರಿಕೆ ಹೇಳಲೇಬೇಕು. ಎಲ್ಲ ಶಿಬಿರವೂ ಒಂದೇ ಥರ ಇರುವುದಿಲ್ಲ. ನನ್ನ ಅಕ್ಕನ ಮಗನನ್ನು ಬೇರೆ ರಾಜ್ಯದ ಒಂದು ಕಡೆ ಕಳಿಸಿದ್ದರು. ಹೆಸರು ಬೇಡ. ಫೀಸು ಜೋರಾಗಿತ್ತು. ಹುಡುಗರಿಗೆ ಟ್ಯಾಬ್ ಹಾಳೆ (ಯಾವ ತಂತಿ ಎಲ್ಲಿ ಒತ್ತಬೇಕು ಎಂದು ಬರೆದದ್ದು) ಹಂಚಿ, ವಿಡಿಯೊ ಹಾಕಿ ಕೂರಿಸುವುದೇ ಬಹಳ ಆಯ್ತು. ಸೇರಿ ನುಡಿಸಿದ್ದು ಕಡೇ ದಿನ ಮಾತ್ರ. ನೋಂದಣಿಗೆ ಮೊದಲು ಒಂದೇ ಪ್ರಶ್ನೆ ಕೇಳಿ: ದಿನಕ್ಕೆ ಎಷ್ಟು ಹೊತ್ತು ಮಕ್ಕಳು ಒಟ್ಟಿಗೆ ನುಡಿಸುತ್ತಾರೆ? ಉತ್ತರ ತೊದಲಿದರೆ ಬಿಟ್ಟುಬಿಡಿ.

ತುಮಕೂರು ಟು ಫ್ರೀಮಾಂಟ್

ಎಷ್ಟು ಒಳ್ಳೆಯ ಉತ್ತರಗಳು, ಥ್ಯಾಂಕ್ಸ್. ಮೇಷ್ಟ್ರ ಮಾತು ಓದಿ ಮತ್ತೆ ಅನುಮಾನ ಬಂತು. ಇನ್ನೊಂದು ಸಂಕೋಚದ ಪ್ರಶ್ನೆ. ಒಂದಷ್ಟು ಹಾಡು ಕೇಳಿದೆ. ಅರ್ಧ ಯೇಸುವಿನ ಹಾಡು. ಉಳಿದರ್ಧದಲ್ಲಿ ಯಾರೋ ಯಾರನ್ನೋ ಹೊಳೆಗೆ ತಳ್ಳಿ ಸಾಯಿಸುತ್ತಿರುತ್ತಾರೆ. ಮಕ್ಕಳಿಗೆ ಇದನ್ನೇ ಕಲಿಸುತ್ತಾರಾ?

ಧಾರವಾಡ ಫೇಡೆ

ಹ್ಹಹ್ಹ, ಸರಿಯಾಗಿ ಹಿಡಿದಿರಿ. ಗಾಸ್ಪೆಲ್ ಹಾಡು ಬಹಳ ಇರುತ್ತವೆ, ಚರ್ಚಿನ ಹಾಡುಗಾರಿಕೆಯಿಂದಲೇ ಆ ಮೂರು ನಾಲ್ಕು ದನಿಯ ಮೇಳ ಬಂದದ್ದು. ಕೊಲೆಯ ಲಾವಣಿಗಳೂ ಇವೆ. ಮಕ್ಕಳಿಗೆ ಮೊದಲು ಕಲಿಸುವುದು ಎಲೆಕೋಸು ಬೇಯಿಸುವ ಹಾಡು, ಕೋಳಿಯ ಹಾಡು, ರೈಲಿನ ಹಾಡು. ಹೆದರಬೇಡಿ.

ಹಾಗೆ ನೋಡಿದರೆ ನಾವು ಶಾಲೆಯಲ್ಲಿ ‘ಕೆರೆಗೆ ಹಾರ’ ಕಲಿಯಲಿಲ್ಲವೇ? ನೀರು ಬರಲಿ ಎಂದು ಸೊಸೆ ಭಾಗೀರಥಿಯನ್ನು ಕೆರೆಗೆ ಬಲಿ ಕೊಡುವ ಕತೆ. ನಾನು ಅತ್ತಿದ್ದೆ ಅದಕ್ಕೆ. ಜನಪದದಲ್ಲಿ ಇದೆಲ್ಲ ಇರುವುದೇ.

ಸ್ಯಾನ್ ರಾಮೋನ್ ಅಪ್ಪ

ನಮ್ಮ ಮನೆಯಲ್ಲಿ ಅಜ್ಜಿ ಒಂದು ಗಾಸ್ಪೆಲ್ ಕೇಳಿ ‘ಇದು ನಮ್ಮ ಭಜನೆ ಇದ್ದ ಹಾಗೇ ಇದೆಯಲ್ಲೋ’ ಎಂದರು. ಪಲ್ಲವಿಗೆ ಎಲ್ಲರೂ ದನಿ ಸೇರಿಸುತ್ತಾರಲ್ಲ, ಅದಕ್ಕೆ. ನಿಮಗೆ ಬೇಡ ಅನ್ನಿಸಿದರೆ ಹಾಡಬೇಡಿ, ನುಡಿಸಿದರೆ ಸಾಕು. ಯಾರೂ ಬಲವಂತ ಮಾಡುವುದಿಲ್ಲ.

ರಾಗದ ಬಗ್ಗೆಯೂ ಹೇಳುತ್ತೇನೆ. ಮಗಳು ಎರಡನೇ ದಿನ ಬಂದು ‘ಅಪ್ಪ, ಈ ಹಾಡು ಮೋಹನ’ ಎಂದಳು. ಹೌದು, ಐದೇ ಸ್ವರ, ಸ ರಿ ಗ ಪ ದ. ಇನ್ನೊಂದಕ್ಕೆ ಶಂಕರಾಭರಣ ಎಂದಳು. ನಿಷಾದ ಕೆಳಗಿಳಿದದ್ದು ಬಂದಾಗ ಹರಿಕಾಂಭೋಜಿ. ನಮ್ಮ ಲಕ್ಷಣ ಅಲ್ಲಿ ಇರುವುದಿಲ್ಲ, ಬರೀ ಸ್ವರಗಳ ಸಾಮ್ಯ ಅಷ್ಟೇ. ಆದರೆ ಮಗುವಿಗೆ ಆ ಗುರುತು ಸಾಕಾಯಿತು. ಬೇಗ ಹಿಡಿದಳು.

ಮೇಷ್ಟ್ರೇ, ಮುತ್ತುಸ್ವಾಮಿ ದೀಕ್ಷಿತರೇ ಇಂಗ್ಲಿಷರ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಹಾಕಿ ನೊಟ್ಟುಸ್ವರ ಮಾಡಲಿಲ್ಲವೇ? ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನೇ ನಮ್ಮ ಸಂಗೀತಕ್ಕೆ ತರಲಿಲ್ಲವೇ?

ಬನಶಂಕರಿ ಮೇಷ್ಟ್ರು

ತಂದರು. ಆಗ ಅವರು ದೀಕ್ಷಿತರಾಗಿದ್ದರು. ಅಡಿಪಾಯ ಗಟ್ಟಿಯಾಗಿತ್ತು. ನೊಟ್ಟುಸ್ವರ ನಾನೂ ಮಕ್ಕಳಿಗೆ ಕಲಿಸುತ್ತೇನೆ ಸ್ವಾಮಿ, ಅದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರು ಕೈಗೆ ಸಂಬಂಧಿಸಿದ್ದು. ಅದಕ್ಕೆ ನೀವು ಇನ್ನೂ ಉತ್ತರ ಕೊಟ್ಟಿಲ್ಲ.

ಬ್ಯಾಂಜೊ ಗೌಡ

ಕೈಗೆ ಒಂದು ದಾರಿ ಇದೆ. ಅವಳು ಅಲ್ಲಿಗೆ ಪಿಟೀಲನ್ನೇ ತೆಗೆದುಕೊಂಡು ಹೋಗಬೇಕು ಅಂತ ಏನೂ ಇಲ್ಲವಲ್ಲ! ಮ್ಯಾಂಡೊಲಿನ್ ಕೊಡಿಸಿ. ಎಂಟು ತಂತಿ, ಎರಡೆರಡು ಜೋಡಿ, ಫಿಡಲ್‌ನ ಅದೇ ಜಿ-ಡಿ-ಎ-ಇ. ಕಮಾನಿಲ್ಲ, ಗದ್ದ ಇಲ್ಲ, ವೀಣೆಯ ಹಾಗೆ ಮೆಟ್ಟು ಕಟ್ಟಿರುವುದರಿಂದ ಸ್ವರಸ್ಥಾನ ತಪ್ಪುವುದಿಲ್ಲ. ಮಕ್ಕಳ ಕೈಗೆ ಸರಿಯಾದ ಗಾತ್ರ. ಬ್ಯಾಂಜೊ ನನ್ನ ಪ್ರಾಣ, ಆದರೆ ಹಿಂದೆ ಮರದ ರೆಸೊನೇಟರ್ (ದನಿ ಜೋರು ಮಾಡುವ ಬಟ್ಟಲು) ಇರುವ ಬ್ಯಾಂಜೊ ಐದು ಕೆಜಿ ತೂಗುತ್ತದೆ. ಹತ್ತು ವರ್ಷದ ಮಗು ನಿಂತು ನುಡಿಸಿದರೆ ಭುಜ ಹೋಗುತ್ತದೆ. ರೆಸೊನೇಟರ್ ಇಲ್ಲದ ಹಗುರ ಬ್ಯಾಂಜೊ ಸಿಗುತ್ತದೆ.

ಮ್ಯಾಂಡೊಲಿನ್‌ಗೆ ಬ್ಲೂಗ್ರಾಸ್‌ನಲ್ಲಿ ಇನ್ನೊಂದು ಕೆಲಸವೂ ಇದೆ. ಈ ಸಂಗೀತದಲ್ಲಿ ಡ್ರಮ್ ಇಲ್ಲ. ದೊಡ್ಡ ಬೇಸ್ ಒಂದನೇ, ಮೂರನೇ ಎಣಿಕೆಗೆ ಧುಂ ಎನ್ನುತ್ತದೆ. ಎರಡು, ನಾಲ್ಕಕ್ಕೆ ಮ್ಯಾಂಡೊಲಿನ್ ಚಕ್ ಎನ್ನಬೇಕು. ಎಡಗೈಯಲ್ಲಿ ಎಲ್ಲ ತಂತಿಯನ್ನೂ ಒತ್ತಿ ಹಿಡಿ, ಬಲಗೈಯಲ್ಲಿ ಹೊಡೆ, ಹೊಡೆದ ಕೂಡಲೇ ಎಡಗೈ ಸಡಿಲಿಸು. ಬೆರಳು ತಂತಿ ಬಿಡಬಾರದು, ಒತ್ತಡ ಮಾತ್ರ ಬಿಡಬೇಕು. ಆಗ ದನಿ ಉಳಿಯುವುದಿಲ್ಲ, ಪೆಟ್ಟು ಉಳಿಯುತ್ತದೆ. ಇದು ಕೂತರೆ ತಾಳ ಅವಳ ಮೈಯಲ್ಲಿ ಕೂರುತ್ತದೆ. ಇದರಿಂದ ಗಮಕಕ್ಕೆ ಏನು ನಷ್ಟ, ಮೇಷ್ಟ್ರೇ ಹೇಳಲಿ. ನಮ್ಮ ಮ್ಯಾಂಡೊಲಿನ್ ಶ್ರೀನಿವಾಸ್ ಅವರನ್ನೂ ನೆನೆಯಿರಿ.

ಇನ್ನು ‘ನಮ್ಮಂಥವರು ಇರುವುದಿಲ್ಲ’ ಎನ್ನುವ ಮಾತು. ಇದಕ್ಕೆ ಸ್ವಲ್ಪ ಚರಿತ್ರೆ ಬೇಕು, ಸಹಿಸಿಕೊಳ್ಳಿ.

ಬ್ಲೂಗ್ರಾಸ್ ನಾವಂದುಕೊಂಡಷ್ಟು ಹಳೆಯದಲ್ಲ. ಕೆಂಟಕಿಯ ರೋಸೀನ್ ಎನ್ನುವ ಹಳ್ಳಿಯ ಬಿಲ್ ಮನ್ರೊ, ಹುಟ್ಟಿದ್ದು 1911, ಮ್ಯಾಂಡೊಲಿನ್ ಹಿಡಿದು 1939ರಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ರೇಡಿಯೊ ಕಾರ್ಯಕ್ರಮ ಸೇರಿದರು. ಅವರ ತಂಡದ ಹೆಸರು ಬ್ಲೂ ಗ್ರಾಸ್ ಬಾಯ್ಸ್. 1945ರ ಕೊನೆಗೆ ಇಪ್ಪತ್ತೊಂದು ವರ್ಷದ ಅರ್ಲ್ ಸ್ಕ್ರಗ್ಸ್ ಬ್ಯಾಂಜೊ ತೆಗೆದುಕೊಂಡು ಬಂದರು. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಮೂರೂ ಸೇರಿ ಸುರಿಯುವ ಹಾಗೆ ಮೀಟುವುದನ್ನು ಜನ ಕೇಳಿ ದಂಗಾದರು. ಇವತ್ತು ನಾವು ಬ್ಲೂಗ್ರಾಸ್ ಎನ್ನುವ ದನಿ ಅಲ್ಲಿಂದ ಬಂದದ್ದು. ಹಲವು ದಿನದ ಮೊದಲ ಬ್ಲೂಗ್ರಾಸ್ ಉತ್ಸವ ನಡೆದದ್ದು 1965ರಲ್ಲಿ, ವರ್ಜೀನಿಯಾದ ಫಿನ್‌ಕ್ಯಾಸಲ್‌ನಲ್ಲಿ. ನಮ್ಮ ತಂದೆಯವರ ವಯಸ್ಸಿನ ಸಂಗೀತ.

ಬ್ಯಾಂಜೊ ಮಾತ್ರ ಹಳೆಯದು. ಅದು ಬಿಳಿಯರದ್ದಲ್ಲ. ಗುಲಾಮರಾಗಿ ಬಂದ ಆಫ್ರಿಕನ್ನರು ತಂದ ವಾದ್ಯದಿಂದ ಬೆಳೆದದ್ದು. ಬಿಲ್ ಮನ್ರೊ ಅವರು ಚಿಕ್ಕಂದಿನಲ್ಲಿ ಕುಣಿತದ ಕೂಟಗಳಲ್ಲಿ ಜೊತೆಗೆ ನುಡಿಸಿದ, ‘ಅವರಿಂದ ಕಲಿತೆ’ ಎಂದು ಹೇಳಿಕೊಂಡ ಆರ್ನಲ್ಡ್ ಶಲ್ಟ್ಸ್ ಕಪ್ಪು ಜನಾಂಗದ ಗಿಟಾರ್, ಫಿಡಲ್ ವಾದಕ. ರೇಡಿಯೊ, ರೆಕಾರ್ಡ್ ಕಂಪನಿಗಳ ಕಾಲದಲ್ಲಿ ಇದೆಲ್ಲ ಮರೆಗೆ ಸರಿಯಿತು. 2017ರಲ್ಲಿ ಬ್ಲೂಗ್ರಾಸ್‌ನ ಅಂತರರಾಷ್ಟ್ರೀಯ ಸಂಘದ ಸಮ್ಮೇಳನದಲ್ಲಿ ಕಪ್ಪು ಜನಾಂಗದ ಗಾಯಕಿ, ಬ್ಯಾಂಜೊ ವಾದಕಿ ರಿಯಾನನ್ ಗಿಡನ್ಸ್ ಇದನ್ನೇ ನೇರವಾಗಿ ಮಾತಾಡಿದರು. ಶಲ್ಟ್ಸ್ ಹೆಸರಿನಲ್ಲಿ 2020ರಲ್ಲಿ ಒಂದು ನಿಧಿಯೂ ಶುರುವಾಯಿತು. ಉತ್ಸವಗಳಲ್ಲಿ ಇಂದಿಗೂ ಬಿಳಿಯರೇ ಜಾಸ್ತಿ, ಅದನ್ನು ಮುಚ್ಚಿಡುವುದು ಬೇಡ. ನಿಮ್ಮ ಮಗಳು ಹೋದರೆ ನಮ್ಮಂಥವಳು ಒಬ್ಬಳು ಜಾಸ್ತಿ ಆಗುತ್ತಾಳೆ.

ನಮ್ಮ ಕಡೆಯ ಬೆಸುಗೆಯೂ ಇದೆ. ಬ್ಯಾಂಜೊದ ಬೇಲಾ ಫ್ಲೆಕ್, ಉಸ್ತಾದ್ ಜಾಕಿರ್ ಹುಸೇನ್, ಬೇಸ್‌ನ ಎಡ್ಗರ್ ಮೇಯರ್, ಕೊಳಲಿನ ರಾಕೇಶ್ ಚೌರಾಸಿಯಾ ಸೇರಿ ಮಾಡಿದ ಆಲ್ಬಮ್‌ಗೆ 2024ರಲ್ಲಿ ಗ್ರ್ಯಾಮಿ ಬಂತು. ಯಜಮಾನರಿಗೆ ಒಂದು ಸಲ ಕೇಳಿಸಿ.

ಕೋಲಾರದ ಚಿನ್ನ

ವಿಷಯಕ್ಕೆ ಸಂಬಂಧ ಇಲ್ಲ, ಆದರೂ ತಡೆಯಲಾಗುತ್ತಿಲ್ಲ. ಗ್ರಾಸ್ ವ್ಯಾಲಿ ಚಿನ್ನದ ಗಣಿಯ ಊರು. ಎಂಪೈರ್ ಮೈನ್ 1850ರಿಂದ 1956ರವರೆಗೆ ನಡೆಯಿತು, ಈಗ ಸ್ಟೇಟ್ ಪಾರ್ಕ್. ಅಲ್ಲಿ ಕೆಲಸ ಮಾಡಲು ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿಗಾರರು ಬಂದಿದ್ದರು. ನಮ್ಮ ಕೆಜಿಎಫ್‌ಗೂ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಬಂದದ್ದು ಅದೇ ಕಾರ್ನ್‌ವಾಲ್‌ನವರು. ನಮ್ಮ ತಾತ ಚಾಂಪಿಯನ್ ರೀಫ್‌ನಲ್ಲಿದ್ದರು. ಶಿಬಿರಕ್ಕೆ ಹೋದರೆ ಒಂದು ಮಧ್ಯಾಹ್ನ ಆ ಪಾರ್ಕಿಗೂ ಹೋಗಿ ಬನ್ನಿ. ಗಣಿಯ ಬಾಯಲ್ಲಿ ನಿಂತು ಕೆಳಗೆ ನೋಡಬಹುದು. ಊರಲ್ಲಿ ಪ್ಯಾಸ್ಟಿ ಎನ್ನುವ ಕಾರ್ನ್‌ವಾಲ್ ಕಡುಬು ಇಂದಿಗೂ ಮಾರುತ್ತಾರೆ.

ಸ್ಯಾಕ್ರಮೆಂಟೊ ಸೊಸೆ

ನಾನು ಊಟದ ಪ್ರಶ್ನೆಗೆ ಬರುತ್ತೇನೆ, ಯಾರೂ ಹೇಳಲಿಲ್ಲ.

ಅಂಗಡಿಗಳಲ್ಲಿ ಸಿಗುವುದು ಬರ್ಗರ್, ಬಾರ್ಬೆಕ್ಯೂ, ಐಸ್‌ಕ್ರೀಂ. ಸಸ್ಯಾಹಾರಿಗೆ ಫ್ರೈಸ್, ಜೋಳ ಸಿಕ್ಕರೆ ಅದೃಷ್ಟ. ಸಣ್ಣ ಗ್ಯಾಸ್ ಒಲೆ ತೆಗೆದುಕೊಂಡು ಹೋಗಿ, ಆದರೆ ಬೆಂಕಿಯ ನಿಯಮ ಮೊದಲು ಓದಿ. ಜೂನ್‌ನಲ್ಲಿ ಆ ಕಡೆ ಎಲ್ಲ ಒಣಗಿರುತ್ತದೆ, ಕಾಡ್ಗಿಚ್ಚಿನ ಭಯ. ಪುಳಿಯೋಗರೆ ಗೊಜ್ಜು ಬಾಟಲಿಯಲ್ಲಿ ಹಾಕಿಕೊಳ್ಳಿ, ಅನ್ನ ಅಲ್ಲೇ ಮಾಡಿ. ಮೇಲೋಗರ ಬೇಡ, ಕೂಲರ್‌ನಲ್ಲಿ ಚೆಲ್ಲಿದರೆ ಕತೆ ಮುಗಿಯಿತು. ಒಗ್ಗರಣೆ ಅವಲಕ್ಕಿ ಮಾಡಿದಾಗ ಪಕ್ಕದ ಟೆಂಟಿನ ಅಜ್ಜ ಬಂದು ವಾಸನೆ ಹಿಡಿದು ನಿಂತರು. ತಟ್ಟೆ ಕೊಟ್ಟೆವು. ಮರುದಿನ ಬೆಳಿಗ್ಗೆ ಅವರೇ ತಟ್ಟೆ ತಂದರು!

ಹಗಲು ಸುಡು ಬಿಸಿಲು, ರಾತ್ರಿ ಸ್ವೆಟರ್ ಬೇಕಾಗುವಷ್ಟು ಚಳಿ. ಧೂಳು ಜಾಸ್ತಿ. ವಾದ್ಯವನ್ನು ಕಾರಿನೊಳಗೆ ಬಿಟ್ಟು ಹೋಗಬೇಡಿ, ಬಿಸಿಲಿಗೆ ಅಂಟು ಬಿಟ್ಟುಕೊಳ್ಳುತ್ತದೆ. ಮಕ್ಕಳಿಗೂ ನಿಮಗೂ ಕಿವಿಗೆ ಹಾಕಿಕೊಳ್ಳುವ ಇಯರ್‌ಪ್ಲಗ್ ಇರಲಿ. ಜ್ಯಾಮ್‌ಗಳು ನಡುರಾತ್ರಿ ದಾಟಿಯೂ ನಡೆಯುತ್ತವೆ. ನಿದ್ರೆ ಬೇಕಾದವರಿಗೆ ಊರಲ್ಲಿ ಹೋಟೆಲ್ ಇವೆ, ಬೇಗ ಬುಕ್ ಮಾಡಬೇಕು.

ಮಿಲ್ಪಿಟಸ್ ಮಿಸ್ಸಸ್

ನನ್ನ ಮಗನಿಗೆ ಹನ್ನೆರಡು, ಬ್ಯಾಂಜೊ ಕಲಿಯುತ್ತಾನೆ. ಅವನನ್ನೇ ಕೇಳಿ ಬರೆಯುತ್ತಿದ್ದೇನೆ. ಅವನು ಹೇಳಿದ್ದು ಇದು:

‘ಮೊದಲು ಬೆರಳು ನೋಯುತ್ತದೆ. ಎರಡು ಬೆರಳಿಗೆ ಲೋಹದ ಪಿಕ್, ಹೆಬ್ಬೆರಳಿಗೆ ಪ್ಲಾಸ್ಟಿಕ್. ನನ್ನ ಬೆರಳಿಗೆ ಅದು ದೊಡ್ಡದಾಗಿ ಬಿದ್ದುಹೋಗುತ್ತಿತ್ತು. ಟೀಚರ್ ಅಲ್ಲೇ ಇಕ್ಕಳದಲ್ಲಿ ಅದುಮಿ ಸರಿ ಮಾಡಿದರು. ನನಗಿಂತ ಚಿಕ್ಕ ಹುಡುಗಿ ನನಗಿಂತ ಜೋರಾಗಿ ನುಡಿಸುತ್ತಿದ್ದಳು, ಅವಳೇ ನನಗೆ ಒಂದು ರೋಲ್, ಅಂದರೆ ಬೆರಳುಗಳು ಒಂದಾದ ಮೇಲೊಂದು ಮೀಟುವುದು, ಹ್ಯಾಗೆ ಅಂತ ತೋರಿಸಿದಳು. ನಿಮ್ಮ ಮಗಳಿಗೆ ಹೇಳಿ, ಹಾಡು ಗೊತ್ತಿಲ್ಲದಿದ್ದರೆ ಗಿಟಾರ್‌ನವರ ಎಡಗೈ ನೋಡಬೇಕು, ಕಾರ್ಡ್ ಅಲ್ಲಿ ಕಾಣುತ್ತದೆ. ಊಟ ಚೆನ್ನಾಗಿರಲಿಲ್ಲ. ಅಮ್ಮನ ಚಪಾತಿಯೂ ಗಟ್ಟಿಯಾಗಿತ್ತು.’

ಕೊನೆಯ ವಾಕ್ಯ ಬರೆಯಲೇಬೇಕು ಎಂದು ಹಠ ಮಾಡಿದ.

ಸ್ಯಾನ್ ರಾಮೋನ್ ಅಪ್ಪ

ಹ್ಹಹ್ಹ. ಗಿಟಾರ್‌ನವರ ಎಡಗೈ ನೋಡು ಎನ್ನುವುದು ಬಂಗಾರದಂಥ ಮಾತು.

ನಮ್ಮ ಬೇ ಏರಿಯಾದವರಿಗೆ ಇನ್ನೊಂದು ಹೆಮ್ಮೆ. ಬ್ಲೂಗ್ರಾಸ್ ಗಿಟಾರ್ ವಾದಕಿ ಮಾಲಿ ಟಟಲ್ ಬೆಳೆದದ್ದು ಪಾಲೊ ಆಲ್ಟೊದಲ್ಲಿ. ತಂದೆ ಅಲ್ಲೇ ಸಂಗೀತ ಪಾಠ ಹೇಳುತ್ತಿದ್ದವರು. ಗ್ರಾಸ್ ವ್ಯಾಲಿಯ ಇದೇ ಉತ್ಸವದಲ್ಲಿ ಚಿಕ್ಕಂದಿನಿಂದ ನುಡಿಸಿದ ಹುಡುಗಿ. 2017ರಲ್ಲಿ ಅಂತರರಾಷ್ಟ್ರೀಯ ಸಂಘದ ವರ್ಷದ ಗಿಟಾರ್ ವಾದಕಿ ಪ್ರಶಸ್ತಿ ಪಡೆದರು, ಆ ಪ್ರಶಸ್ತಿ ಪಡೆದ ಮೊದಲ ಹೆಂಗಸು ಅವರೇ. 2023, 2024 ಎರಡೂ ವರ್ಷ ಗ್ರ್ಯಾಮಿ. ಎಂಬಿಎ ಮಾವನಿಗೆ ಈ ಸಾಲು ಇಷ್ಟವಾಗಬಹುದು.

ಎಂಬಿಎ ಮಾವ

ಆಯಿತು, ನನ್ನ ಮೊಮ್ಮಗನಿಗೂ ಲಿಂಕ್ ಕಳಿಸಿ.

ನ್ಯೂಜೆರ್ಸಿ ನಂಜುಂಡಿ

ಪೂರ್ವದ ಕಡೆಯವರು ಓದುತ್ತಿದ್ದರೆ, ನ್ಯೂಯಾರ್ಕಿನ ಓಕ್ ಹಿಲ್‌ನಲ್ಲಿ ಜುಲೈನಲ್ಲಿ ಗ್ರೇ ಫಾಕ್ಸ್ ಉತ್ಸವ ಇದೆ. ಅಲ್ಲೂ ಮಕ್ಕಳ ಬ್ಲೂಗ್ರಾಸ್ ಅಕಾಡೆಮಿ ನಡೆಯುತ್ತದೆ. ಮಳೆ ಬಂದರೆ ಕೆಸರು ಮೊಣಕಾಲಿಗೆ. ಗಂಬೂಟು ಕಡ್ಡಾಯ.

ಬನಶಂಕರಿ ಮೇಷ್ಟ್ರು

ಮ್ಯಾಂಡೊಲಿನ್ ಆದರೆ ನನ್ನ ಒಪ್ಪಿಗೆ ಇದೆ. ಗೌಡರು ಸರಿಯಾದ ದಾರಿ ತೋರಿಸಿದರು. ಪಿಟೀಲೇ ಬೇಕು ಎಂದು ಹಠ ಹಿಡಿದರೆ ಬೇರೆ ಪಿಟೀಲು, ಬೇರೆ ಕಮಾನು. ಅಲ್ಲಿಯದನ್ನು ನಿಂತು ನುಡಿಸಲಿ, ಮನೆಯದನ್ನು ಕೂತು. ಎರಡನ್ನೂ ಬೆರೆಸಬಾರದು. ಗದ್ದಕ್ಕೆ ಒಂದು ಮೆತ್ತೆ, ಭುಜಕ್ಕೆ ಒಂದು ಆಸರೆ ಹಾಕಿಸಿ, ಇಲ್ಲದಿದ್ದರೆ ಎರಡನೇ ದಿನಕ್ಕೆ ಕತ್ತು ಹಿಡಿದುಕೊಳ್ಳುತ್ತದೆ. ಹೋಗುವ ಮುಂಚೆ ದಿನಕ್ಕೆ ಹತ್ತು ನಿಮಿಷ ನಿಂತು ಅಭ್ಯಾಸ ಮಾಡಿಸಿ. ಬಂದ ಮೇಲೆ ಒಂದು ವಾರ ಸರಳೆ, ಜಂಟಿ ವರಿಸೆ ಮೂರು ಕಾಲದಲ್ಲಿ. ಕೃತಿ ಮುಟ್ಟಬಾರದು. ವಯಸ್ಸಿನ ಬಗ್ಗೆ ನನ್ನ ಮಾತು ಹಾಗೆಯೇ ಇದೆ, ಹದಿನಾಲ್ಕು ಒಳ್ಳೆಯದು. ಮಗುವಿಗೆ ಅಷ್ಟು ಆಸೆ ಇರುವಾಗ ತಡೆಯುವುದೂ ಸರಿ ಅಲ್ಲ, ಏನು ಮಾಡುವುದು.

ತುಮಕೂರು ಟು ಫ್ರೀಮಾಂಟ್

ಮೇಷ್ಟ್ರೇ, ತುಂಬ ಧನ್ಯವಾದ. ಮ್ಯಾಂಡೊಲಿನ್ ಅಂದದ್ದಕ್ಕೆ ಅವಳು ಮುಖ ಊದಿಸಿಕೊಂಡಿದ್ದಾಳೆ. ಫಿಡಲೇ ಬೇಕಂತೆ. ಅರ್ಜಿ ಹಾಕಿದ್ದೇವೆ. ನಮ್ಮ ಯಜಮಾನರು ಆ ಬ್ಯಾಂಜೊ, ತಬಲಾ ಆಲ್ಬಮ್ ಕೇಳಿ ಕಾರಿನಲ್ಲೂ ಅದನ್ನೇ ಹಾಕುತ್ತಿದ್ದಾರೆ. ಟೆಂಟ್ ನಮ್ಮ ಹತ್ತಿರ ಇದೆ. ಯಾರಾದರೂ ಚಿಕ್ಕ ಪಿಟೀಲು ಮಾರುವವರು, ಬಾಡಿಗೆಗೆ ಕೊಡುವವರು ಇದ್ದೀರಾ? ಅವಳದು ಈಗ ಮುಕ್ಕಾಲು ಸೈಜು.

ಸ್ಯಾನ್ ರಾಮೋನ್ ಅಪ್ಪ

ಮಾರುವುದೇನು, ಸುಮ್ನೆ ತೆಗೆದುಕೊಂಡು ಹೋಗಿ. ಮಗಳು ಪೂರ್ತಿ ಸೈಜಿಗೆ ಹೋಗಿದ್ದಾಳೆ, ಮುಕ್ಕಾಲಿನದು ಪೆಟ್ಟಿಗೆ ಸಮೇತ ಗ್ಯಾರೇಜಿನಲ್ಲಿ ಕೂತಿದೆ. ಭುಜದ ಆಸರೆಯೂ ಅದರಲ್ಲೇ ಇದೆ. ಶನಿವಾರ ಹನ್ನೊಂದರ ಮೇಲೆ ಬನ್ನಿ. ಇ ತಂತಿ ತುಕ್ಕು ಹಿಡಿದಿದೆ, ಅದೊಂದು ಹೊಸದು ಹಾಕಿಸಿಕೊಳ್ಳಿ.